ನಲವತ್ತೆಂಟು ಲಕ್ಷ ಗೂಡುಗಳು

ನಮ್ಮ ನಾಡಿನ ಮಾತುಕತೆಯಿಂದ 'ಏನಂದಿರಿ?' ಎನ್ನುವ ಪ್ರಶ್ನೆಯನ್ನು ತೆಗೆದುಹಾಕಿದವಳು ನಾನೇ. ಒಂದು ಮಂಗಳವಾರ ಮಧ್ಯಾಹ್ನ ಬುತ್ತಿ ಡಬ್ಬಿ ತೊಳೆದಿಟ್ಟು ಬಂದು ಕಂಪ್ಯೂಟರಿನಲ್ಲಿ ಮೂರು ಸಾಲು ಅಳಿಸಿದೆ. ಅಷ್ಟೇ ಕೆಲಸ. ಅದಕ್ಕಾಗಿ ನನಗೆ ಶಾಲು ಹೊದಿಸಿ, ಹಾವೇರಿಯಿಂದ ತರಿಸಿದ ಏಲಕ್ಕಿ ಹಾರ ಹಾಕಿದರು. ಪೇಪರಿನಲ್ಲಿ ಫೋಟೋ ಕೂಡ ಬಂತು. 'ದಾನೇಶ್ವರಿ ಗೋಲಗೇರಿ, ನುಡಿಸೇತು ಕೇಂದ್ರ, ಧಾರವಾಡ' ಎಂದು ಕೆಳಗೆ ಅಚ್ಚಾಗಿತ್ತು, ಮೇಲೆ ನಾನು ಹಲ್ಲು ಕಿರಿದುಕೊಂಡು ನಿಂತಿದ್ದೆ. ಆ ಮೂರು ಸಾಲು ಏನು ಮಾಡಿದವು ಎನ್ನುವುದನ್ನು ಈಗ ಕಾಗದದ ಮೇಲೆ ಕೈಯಲ್ಲೇ ಬರೆಯುತ್ತಿದ್ದೇನೆ. ಓದಬಲ್ಲವರು ಇನ್ನೂ ಇರುವಾಗಲೇ ಬರೆದುಬಿಡುವುದು ಒಳ್ಳೆಯದು.

ಮೊದಲು ಓಲೆಯ ವಿಷಯ ಹೇಳಬೇಕು. ಕಡಲೆಕಾಳಿನಷ್ಟು ದೊಡ್ಡ ಯಂತ್ರ ಅದು. ಕಿವಿಯ ಹಾಲೆಗೆ ತಿರುಪು ಹಾಕಿ ಕೂರಿಸಿದರೆ ಮೈಯ ಬಿಸುಪಿನಲ್ಲೇ ನಡೆಯುತ್ತದೆ. ಎದುರಿಗಿರುವವರ ದನಿ, ತುಟಿಯ ಅಲುಗಾಟ, ಗಂಟಲಿನ ಕಂಪನ ಎಲ್ಲವನ್ನೂ ಹಿಡಿದು, ಅವರು ಹೇಳಿದ್ದನ್ನು ನಿಮ್ಮ ಮಾತಿಗೆ ತಿರುಗಿಸಿ ಕಿವಿಗೆ ಹಾಕುತ್ತದೆ. ಎರಡು ದನಿ ಒಟ್ಟಿಗೆ ಬಂದರೆ ತಲೆ ಕೆಡುತ್ತದೆಂದು ಅಸಲು ದನಿಯನ್ನು ಹೊರಗೇ ತಡೆದುಬಿಡುತ್ತದೆ. ಬಿಳಿಗಿರಿ ಬೆಟ್ಟದ ಸೋಲಿಗರ ಅಜ್ಜಿ ಕಲಬುರಗಿಯ ಡಾಕ್ಟರಿಗೆ ತನ್ನ ಹೊಟ್ಟೆನೋವನ್ನು ತನ್ನ ಮಾತಿನಲ್ಲೇ ಹೇಳಬಹುದು. ಡಾಕ್ಟರು ತಮ್ಮ ಮಾತಿನಲ್ಲೇ ಗದರಬಹುದು. ಯಾರೂ ಯಾರಿಗಾಗಿಯೂ ನಾಲಿಗೆ ತಿದ್ದಿಕೊಳ್ಳಬೇಕಾಗಿಲ್ಲ. ಜನ ಮುಗಿಬಿದ್ದು ಹಾಕಿಸಿಕೊಂಡರು.

ನಮ್ಮ ಕೇಂದ್ರದಲ್ಲಿ ಒಂದೊಂದು ಬಗೆಯ ಮಾತಿಗೂ ಒಂದೊಂದು ಗೂಡು ಇತ್ತು. ಕುಂದಾಪುರದ್ದು, ಹವ್ಯಕರದ್ದು, ಅರೆಭಾಷೆ, ತುಳು, ಬ್ಯಾರಿ, ಕೊಡವ, ಲಂಬಾಣಿ, ಹೀಗೆ ಆರಂಭದಲ್ಲಿ ನೂರಾ ಹದಿನೆಂಟು ಗೂಡುಗಳು. ನಮ್ಮ ಸಿಂದಗಿ ಸೀಮೆಯದು ಮೂವತ್ತೇಳನೆಯದು. ಯಾರಾದರೂ ಆಡಿದ್ದು ಯಾವ ಗೂಡಿಗೂ ಹೊಂದದಿದ್ದರೆ ಓಲೆ ಅವರನ್ನೇ ಕೇಳುತ್ತಿತ್ತು: "ಏನಂದಿರಿ? ಇನ್ನೊಮ್ಮೆ ಹೇಳಿ."

ದೂರು ಬಂದದ್ದು ಈ ಪ್ರಶ್ನೆಯ ಮೇಲೆ. ಹಾಡಿಗಳಿಂದ, ತಾಂಡಾಗಳಿಂದ, ಗಡಿ ಹಳ್ಳಿಗಳಿಂದ ದಿನಕ್ಕೆ ನೂರಾರು. ಇಷ್ಟು ದಿನ ಪೇಟೆಯವರು ಆಡಿಕೊಂಡದ್ದು ಸಾಲದೆ ಈಗ ಯಂತ್ರವೂ ಆಡಿಕೊಳ್ಳುತ್ತದೆ ಎಂದು ಒಬ್ಬರು ಬರೆಸಿದ್ದರು. ಓದಿ ನನ್ನ ಎದೆ ಉರಿಯಿತು. ನಾನು ಸಿಂದಗಿಯಿಂದ ಮೈಸೂರಿನ ಕಾಲೇಜಿಗೆ ಹೋದವಳು. ಹಾಸ್ಟೆಲಿನಲ್ಲಿ ನಾನು ಬಾಯಿ ತೆರೆದರೆ ಸಾಕು, "ಏನು? ಏನು? ಇನ್ನೊಂದ್ಸಲ ಹೇಳೇ" ಎಂದು ಹುಡುಗಿಯರು ಸುತ್ತ ಸೇರುತ್ತಿದ್ದರು. ಅರ್ಥವಾಗದೆ ಕೇಳುತ್ತಿದ್ದುದಲ್ಲ, ಅವರಿಗೆ ಮತ್ತೊಮ್ಮೆ ನಗಬೇಕಾಗಿತ್ತು. ಮೊದಲ ವರ್ಷವೆಲ್ಲ ಊಟದ ಮನೆಯಲ್ಲಿ ಬೇಕಾದ್ದನ್ನು ಬೆರಳು ಮಾಡಿ ತೋರಿಸಿ ಬಡಿಸಿಕೊಂಡಿದ್ದೇನೆ. ಆ ಸಿಟ್ಟು ಹದಿನೈದು ವರ್ಷ ಹೊಟ್ಟೆಯೊಳಗೇ ಇತ್ತು.

ಹಾಗಾಗಿ ನಾನೊಂದು ಉಪಾಯ ಹೇಳಿದೆ. ಓಲೆ ಯಾರನ್ನೂ ಪ್ರಶ್ನೆ ಕೇಳುವುದು ಬೇಡ. ಮಾತು ಯಾವ ಗೂಡಿಗೂ ಹೊಂದದಿದ್ದರೆ ತಾನಾಗಿ ಹೊಸ ಗೂಡು ತೆರೆಯಲಿ. ಆ ಮನುಷ್ಯ ಏನನ್ನು ನೋಡಿದ, ಏನನ್ನು ಎತ್ತಿಕೊಂಡ, ಏನು ಸಿಕ್ಕ ಮೇಲೆ ಸುಮ್ಮನಾದ ಎನ್ನುವುದನ್ನು ಗಮನಿಸಿ ಕಲಿಯಲಿ. ಕಲಿಯುವವರೆಗೆ ಊಹೆ ಮಾಡಿ ನಡೆಸಲಿ. ನಿರ್ದೇಶಕ ಡಾ. ಸಿದ್ದರಾಜು ಅವರು ಆ ದಿನವೇ ಒಪ್ಪಿದರು. ಒಂದೇ ತಿಂಗಳಲ್ಲಿ ದೂರುಗಳು ನಿಂತುಹೋದವು. ಗೂಡುಗಳ ಸಂಖ್ಯೆ ಏರುತ್ತ ಹೋಯಿತು, ವರ್ಷವರ್ಷವೂ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಹಾಕಿದೆವು. ಎಲ್ಲ ಕಡೆ ನುಡಿಗಳು ಸಾಯುತ್ತಿರುವ ಕಾಲದಲ್ಲಿ ನಮ್ಮಲ್ಲಿ ಮಾತ್ರ ಹುಟ್ಟುತ್ತಿವೆ ಎಂದು ಭಾಷಣಗಳಾದವು. ಅವು ಯಾರ ಬಾಯಲ್ಲಿ ಹುಟ್ಟುತ್ತಿವೆ ಎಂದು ನೋಡುವ ಕೆಲಸವನ್ನು ಯಾರೂ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಆ ಮೂರು ಸಾಲು ಅಳಿಸಿ ಒಂದು ವರ್ಷಕ್ಕೆ ನನಗೆ ಮಗಳು ಹುಟ್ಟಿದಳು, ಮುಕ್ತಾ. ಕೂಸಿಗೆ ಕಿವಿ ಚುಚ್ಚುವ ಶಾಸ್ತ್ರ ನಮ್ಮ ಕಡೆ ಇದ್ದೇ ಇದೆ. ಸೋದರಮಾವನ ತೊಡೆಯ ಮೇಲೆ ಕೂರಿಸಿ, ಬಾಯಿಗೆ ಬೆಲ್ಲ ಇಟ್ಟು, ಅದು ಚೀಪುವುದರಲ್ಲಿ ಮೈಮರೆತಾಗ ಅಕ್ಕಸಾಲಿಗ ಸೂಜಿ ಚುಚ್ಚುತ್ತಾನೆ. ಮೊದಲು ಬಂಗಾರದ ತಂತಿ ಹಾಕುತ್ತಿದ್ದರು, ಈಗ ಓಲೆ ಕೂರಿಸುತ್ತಾರೆ. ಮುಕ್ತಾಳಿಗೂ ಐದನೇ ತಿಂಗಳಲ್ಲಿ ಕೂರಿಸಿದರು. ಮಕ್ಕಳ ಓಲೆಯಲ್ಲಿ ಹಿರಿಯರ ದನಿಯನ್ನು ಮೆತ್ತಗೆ ಮಾಡಿ ಕೊಡುವ ಏರ್ಪಾಡೂ ಇತ್ತು. ನಾವು ಗದರಿದರೂ ಅವರಿಗೆ ಲಾಲಿ ಹಾಡಿದಂತೆ ಕೇಳಬೇಕು ಎನ್ನುವುದು ಕೇಂದ್ರದ ಆಸೆ.

ನನ್ನ ಗಂಡ ಚಂದ್ರಹಾಸ ಕುಂದಾಪುರದ ಕಡೆಯವನು, ಇಲ್ಲಿ ನೀರು ಸರಬರಾಜಿನ ಕೆಲಸ. ಮುಕ್ತಾ ಮಾತಾಡಿದ್ದು ನನಗೆ ಅಪ್ಪಟ ಸಿಂದಗಿಯಲ್ಲಿ ಕೇಳುತ್ತಿತ್ತು, ಅವನಿಗೆ ಅಪ್ಪಟ ಕುಂದಾಪುರದಲ್ಲಿ. ಅದು ಓಲೆಯ ಕೈಚಳಕ ಎಂದು ಇಬ್ಬರಿಗೂ ಗೊತ್ತಿದ್ದರೂ, ಮಗಳ ನಾಲಿಗೆಯಲ್ಲಿ ನಿಜಕ್ಕೂ ಇರುವುದು ಯಾರ ಊರು ಎಂದು ನಾವು ಜಗಳ ತೆಗೆಯುತ್ತಿದ್ದೆವು. ಸಂಸಾರದ ಸುಖದ ಜಗಳಗಳಲ್ಲಿ ಅದೂ ಒಂದು.

ಮುಕ್ತಾಳಿಗೆ ಐದು ತುಂಬಿದ ಬೇಸಿಗೆಯಲ್ಲಿ ಬಾಲವಾಡಿಗೆ ರಜೆ ಬಂತು. ಅವಳನ್ನು ನೋಡಿಕೊಳ್ಳಲು ನಮ್ಮವ್ವ, ಕೂಸಿನ ಕಿವಿ ಚುಚ್ಚಿದ ಮೇಲೆ ಮೊದಲ ಸಲ, ಊರಿಂದ ಬಂದಳು. ಅವ್ವ ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿದವಳು. ಕಿವಿ ಸೋರುವ ಕಾಯಿಲೆ ಇದ್ದದ್ದರಿಂದ ಡಾಕ್ಟರು ಅವಳಿಗೆ ಓಲೆ ಹಾಕಲು ಬಿಟ್ಟಿರಲಿಲ್ಲ. ಊರಿನಲ್ಲಿ ತನ್ನ ಓರಗೆಯ ನಾಲ್ಕು ಮುದುಕಿಯರ ಜೊತೆ ಅವಳ ದಿನ ಸಾಗುತ್ತಿತ್ತು.

ಬಂದ ಮೊದಲೆರಡು ದಿನ ನಾನು ಏನು ಹೇಳಿದರೂ ಅವ್ವ "ಆಂ? ಏನಂದಿ?" ಎನ್ನುತ್ತಿದ್ದಳು. ಪಾಪ, ಕಿವುಡು ಬಂತು ಎಂದುಕೊಂಡು ದನಿ ಏರಿಸಿದೆ. ಮೂರನೆಯ ದಿನ ಬೆಳಗ್ಗೆ ನಾನು ಆಫೀಸಿಗೆ ಹೊರಟಾಗ, ಜೋಳದ ಹಿಟ್ಟು ನಾದುತ್ತಿದ್ದ ಅವ್ವ ಕೈ ನಿಲ್ಲಿಸಿದಳು.

"ದಾನಿ, ಒಂದು ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ. ನಿನ್ನ ಮಗಳಿಗೆ ಮಾತು ಬಂದಿಲ್ಲ."

ನನಗೆ ನಗು ಬಂತು. "ಅವ್ವಾ, ಆಕಿ ಬಾಯಿ ಮುಚ್ಚಿದ್ದ ನೋಡೀಯೇನು? ಈಗರೆ ಇರಿವಿಗಳ ಲಗ್ನದ್ದು ಎಷ್ಟು ದೊಡ್ಡ ಕತಿ ಹೇಳಿದಳು. ಸಕ್ರಿ ಹೊತ್ಕೊಂಡು ದಿಬ್ಬಣ ಹೊಂಟಾವಂತ."

"ನಿನಗ ಆ ಓಲಿ ಹೇಳ್ತದ. ನನಗ ಕೂಸು ಹೇಳಬೇಕಲ್ಲ," ಎಂದಳು ಅವ್ವ. "ಮೂವತ್ತೊಂದು ವರ್ಷ ಕೂಸುಗಳ ತೊದಲು ಕೇಳೀನಿ ನಾ. ತೊದಲು ಬ್ಯಾರೆ, ಇದು ಬ್ಯಾರೆ. ಇನ್ನೊಂದು ಹೇಳ್ತೀನಿ ಕೇಳು. ನನ್ನ ಕಿವಿ ಸೋರ್ತದ ಖರೆ, ಕಿವುಡಿ ಆಗಿಲ್ಲ. ನೀನೂ ಅರ್ಧಾ ಮಾತು ನುಂಗ್ಲಾಕತ್ತಿ."

ಓಲೆ ತೆಗೆಯುವುದಕ್ಕೆ ತಿರುಪನ್ನು ಎಡಕ್ಕೆ ತಿರುಗಿಸಬೇಕು. ನಾನು ಆರು ವರ್ಷದಿಂದ ತೆಗೆದವಳಲ್ಲ. ಸ್ನಾನಕ್ಕೂ ನಿದ್ದೆಗೂ ಅದು ಅಲ್ಲೇ ಇರುತ್ತಿತ್ತು. ಅವ್ವನ ಮಾತು ಸುಳ್ಳು ಮಾಡಿ ಹೋಗೋಣ ಎಂದು ತೆಗೆದು ಕೈಯಲ್ಲಿ ಹಿಡಿದು, ಜಗಲಿಯಲ್ಲಿ ನೀರಿನ ಬಕೆಟ್ಟಿನ ಮುಂದೆ ಕೂತಿದ್ದ ಮುಕ್ತಾಳನ್ನು ಕರೆದೆ. ಅವಳು ತಿರುಗಿ, ಕಣ್ಣರಳಿಸಿ, ಕೈ ಆಡಿಸುತ್ತ ಏನೋ ಹೇಳಿದಳು.

ಗುನುಗು, ಉಸಿರು, ನಾಲಿಗೆಯ ಚಟಕು, ಮತ್ತೆ ಉದ್ದದ ಒಂದು ಗುನುಗು. ಹುಚ್ಚಾಪಟ್ಟೆ ಸದ್ದುಗಳಲ್ಲ, ನಡುವೆ ನಿಲ್ಲುತ್ತಿದ್ದಳು, ಮುಖ್ಯವಾದದ್ದನ್ನು ಒತ್ತಿ ಹೇಳುತ್ತಿದ್ದಳು, ಕೊನೆಗೆ ನನ್ನ ಉತ್ತರಕ್ಕಾಗಿ ಕಾದಳು. ಅದರಲ್ಲಿ ಸಿಂದಗಿಯೂ ಇರಲಿಲ್ಲ, ಕುಂದಾಪುರವೂ ಇರಲಿಲ್ಲ, ಮನುಷ್ಯರ ಯಾವ ಊರೂ ಇರಲಿಲ್ಲ. ಓಲೆಯನ್ನು ಗಡಬಡಿಸಿ ಮತ್ತೆ ಹಾಕಿಕೊಂಡೆ. "ಅವ್ವಾ, ಯಾಕ ಹಂಗ ನೋಡ್ಲಾಕತ್ತಿ?" ಎಂದು ಮುದ್ದು ದನಿಯಲ್ಲಿ ಕೇಳಿಸಿತು.

ಅಂದು ಆಫೀಸಿನಲ್ಲಿ ನಾನು ಬೇರೇನೂ ಮಾಡಲಿಲ್ಲ. ಗೂಡುಗಳನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದೆ. ಒಟ್ಟು ನಲವತ್ತೆಂಟು ಲಕ್ಷ ಚಿಲ್ಲರೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಏಳು ವರ್ಷದೊಳಗಿನ ಮಕ್ಕಳವು. ತಲೆಗೊಂದು ಗೂಡು. ಅಕ್ಕ ತಂಗಿಯರಿಗೂ ಬೇರೆಬೇರೆ; ಅವಳಿ ಮಕ್ಕಳಿಗೆ ಮಾತ್ರ ಅಲ್ಲೊಂದು ಇಲ್ಲೊಂದು ಕಡೆ ಇಬ್ಬರಿಗೆ ಸೇರಿ ಒಂದಿತ್ತು. ಕೂಸು ಏನೋ ಸದ್ದು ಮಾಡಿದರೆ ಹಿಂದೆ ತಾಯಿಗೆ ತಿಳಿಯುತ್ತಿರಲಿಲ್ಲ, "ಏನವ್ವ? ಏನ್ ಬೇಕು?" ಎಂದು ಕೇಳುತ್ತಿದ್ದಳು. ಕೂಸು ಇನ್ನೊಮ್ಮೆ ಪ್ರಯತ್ನಿಸುತ್ತಿತ್ತು, ತಾಯಿಯ ತುಟಿ ನೋಡಿ ತಿದ್ದಿಕೊಳ್ಳುತ್ತಿತ್ತು. ಹೀಗೆ ಸಾವಿರ ಸಲ ಸೋತು ಸೋತು ಅದು ನಮ್ಮ ಮಾತಿಗೆ ಬಂದು ಸೇರುತ್ತಿತ್ತು. ಈಗ ಮೊದಲ ಸದ್ದಿಗೇ ಓಲೆ ಹೊಸ ಗೂಡು ತೆರೆದು, ಊಹೆ ಮಾಡಿ, ತಾಯಿಗೆ ಹೇಳಿಬಿಡುತ್ತದೆ. ಕೂಸಿಗೆ ನೀರು ಸಿಗುತ್ತದೆ. ತಿದ್ದಿಕೊಳ್ಳುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಪೇಟೆಯ ಹುಡುಗಿಯರ ನಗೆಯನ್ನೂ ತಾಯಿಯ ಪ್ರಶ್ನೆಯನ್ನೂ ನಾನು ಒಂದೇ ಎಂದು ತಿಳಿದು, ಎರಡನ್ನೂ ಸೇರಿಸಿ ಅಳಿಸಿದ್ದೆ.

ಮುಕ್ತಾಳ ಗೂಡು ತೆರೆದೆ. ನಮ್ಮಲ್ಲಿ ಓಲೆ ನಿಜವಾಗಿ ಕೇಳಿ ತಿಳಿದದ್ದನ್ನು ಕಪ್ಪಿನಲ್ಲೂ ಊಹಿಸಿದ್ದನ್ನು ಕೆಂಪಿನಲ್ಲೂ ಬರೆಯುತ್ತದೆ. ನೂರರಲ್ಲಿ ಇಪ್ಪತ್ತೆರಡು ಕಪ್ಪು, ಮಿಕ್ಕಿದ್ದೆಲ್ಲ ಕೆಂಪು. ಐದು ವರ್ಷದ ಮಗು ಸಾಮಾನ್ಯವಾಗಿ ಏನು ಹೇಳುತ್ತದೆ, ಏನು ಹೇಳಿದರೆ ಈ ತಾಯಿಯ ಎದೆಬಡಿತ ಹಗುರಾಗುತ್ತದೆ ಎಂದು ಲೆಕ್ಕ ಹಾಕಿ ತುಂಬಿದ ಮಾತುಗಳು. ಇರುವೆಗಳ ಮದುವೆ ಪೂರ್ತಿ ಕೆಂಪಾಗಿತ್ತು. 'ಅವ್ವಾ, ನೀ ಅಂದ್ರ ನನಗ ಭಾಳ ಇಷ್ಟ' ಎಂದು ನನ್ನ ಹುಟ್ಟುಹಬ್ಬದ ದಿನ ಹೇಳಿದ್ದಳು. ಅದನ್ನು ಹುಡುಕಿ ನೋಡಿದೆ. ಅದೂ ಕೆಂಪು. ನಾನು ಅಲ್ಲೇ ಮೇಜಿಗೆ ತಲೆಯಿಟ್ಟು ಅತ್ತೆ.

ಆಮೇಲೆ ನನ್ನ ಹೆಸರನ್ನೂ ಹಾಕಿ ನೋಡಿದೆ. ಹದಿನಾಲ್ಕು ತಿಂಗಳ ಹಿಂದೆಯೇ ಓಲೆ ನನ್ನನ್ನು ಮೂವತ್ತೇಳನೇ ಗೂಡಿನಿಂದ ಎತ್ತಿ, ನನಗೊಬ್ಬಳಿಗೇ ಒಂದು ಹೊಸ ಗೂಡು ಮಾಡಿತ್ತು. ಹೇಗೆ ಆಡಿದರೂ ಎದುರಿನವರಿಗೆ ತಿಳಿಯುತ್ತದೆ ಎಂದಾದ ಮೇಲೆ ನಾಲಿಗೆಗೆ ಮೈಗಳ್ಳತನ ಬಂದಿರಬೇಕು. ಮುಪ್ಪಾದ ಅವ್ವ ಹೇಳಿದ್ದು ಸರಿಯಾಗಿತ್ತು.

ಇಷ್ಟೇ ಆಗಿದ್ದರೆ ನಿಧಾನವಾಗಿ ಏನಾದರೂ ಮಾಡಬಹುದಾಗಿತ್ತು. ಆದರೆ ಅದೇ ವಾರ ನೋಟೀಸು ಹೊರಟಿತ್ತು: ಮುಂದಿನ ರವಿವಾರ ಬೆಳಗ್ಗೆ ಆರರಿಂದ ಹನ್ನೆರಡರವರೆಗೆ ಗೂಡುಗಳಿರುವ ಕೇಂದ್ರದ ಯಂತ್ರಗಳನ್ನು ಹೊಸ ಕಟ್ಟಡಕ್ಕೆ ಸಾಗಿಸುವುದರಿಂದ ನಾಡಿನಾದ್ಯಂತ ಓಲೆ ಕೆಲಸ ಮಾಡುವುದಿಲ್ಲ, ಸಹಕರಿಸಿ. ಓಲೆ ಶುರುವಾದಾಗಿನಿಂದ ಒಂದು ನಿಮಿಷವೂ ನಿಂತದ್ದಿಲ್ಲ. ಅದಕ್ಕೆ ಇನ್ನು ಒಂಬತ್ತು ದಿನ ಉಳಿದಿತ್ತು.

ಸಿದ್ದರಾಜು ಅವರ ಕೋಣೆಗೆ ಹೋದೆ. ಅವರು ನಂಜನಗೂಡಿನವರು, ಆದರೆ ಅವರ ಮಾತು ನನ್ನ ಕಿವಿಗೆ ನಮ್ಮೂರ ಗೌಡರ ಮಾತಿನ ಹಾಗೆ ಕೇಳಿಸುತ್ತಿತ್ತು. ಅಂಕಿಗಳನ್ನೆಲ್ಲ ಮುಂದಿಟ್ಟು, ಸಾಗಣೆ ಮುಂದೂಡಿ, ಹೊಸದಾಗಿ ಹುಟ್ಟುವ ಮಕ್ಕಳಿಗಾದರೂ ಆ ಪ್ರಶ್ನೆಯನ್ನು ಮತ್ತೆ ಹಾಕೋಣ ಎಂದೆ.

"ಆರು ತಾಸಿನಾಗ ಯಾರೂ ಸಾಯಂಗಿಲ್ಲ ದಾನೇಶ್ವರಿ," ಎಂದರು. "ಉದ್ಘಾಟನೆಗೆ ಮಂತ್ರಿಗಳಿಗೆ ದಿನಾ ಗೊತ್ತಾಗ್ಯದ. ಇನ್ನ ಆ ಪ್ರಶ್ನೆ ಹಾಕಿದರ ಏನಾಗ್ತದ ಗೊತ್ತದೇನು? ನಲವತ್ತೆಂಟು ಲಕ್ಷ ಕೂಸುಗಳು ಮೂಕರು ಅಂತ ನಾವೇ ಬರದು ಕೊಟ್ಟಂಗ. ನಿನ್ನ ಮಗಳ ಹೆಸರಿನ ಮುಂದೆ ನೀ ಸಹಿ ಮಾಡ್ತಿಯೇನು?"

"ಮೂಕರಲ್ಲ ಸರ್. ನಮಗ ತಿಳಿಯಂಗಿಲ್ಲ, ಅಷ್ಟೇ."

"ನನ್ನ ಮೊಮ್ಮಗ ದಿನಾ ಸಂಜಿಕೆ ಒಂದು ತಾಸು ನನ್ನ ಕೂಡ ಮಾತಾಡ್ತಾನ. ಅವ ಆಡ್ಲಾಕತ್ತಿಲ್ಲ ಅಂತ ನೀ ಹೇಳಿದರ ನಾ ನಂಬಬೇಕೇನು?"

"ಒಂದು ಸಲ ಓಲಿ ತಗದು ಕೇಳ್ರಿ ಸರ್. ಒಂದೇ ನಿಮಿಷ."

ಅವರ ಕೈ ಕಿವಿಯ ತನಕ ಹೋಯಿತು. ತಿರುಪಿನ ಮೇಲೆ ಬೆರಳಿಟ್ಟರು. ಆಮೇಲೆ ಕೈ ಕೆಳಗಿಳಿಸಿ ಫೈಲು ಎತ್ತಿಕೊಂಡರು. ನಾನೇ ನನ್ನದನ್ನು ತೆಗೆದು ಅವರ ಮೇಜಿನ ಮೇಲಿಟ್ಟೆ. ಅವರು ಏನೋ ಹೇಳಿದರು. ಮೈಸೂರಿನಲ್ಲಿದ್ದಾಗ ನಂಜನಗೂಡಿನ ಮಾತನ್ನು ಐದು ವರ್ಷ ಕೇಳಿ ಬದುಕಿದವಳು ನಾನು, ಇದು ಅದಲ್ಲ. ಪದಗಳ ಅಂಚುಗಳೆಲ್ಲ ಸವೆದು, ಒಂದರ ಮೈಗೆ ಇನ್ನೊಂದು ಅಂಟಿಕೊಂಡಿತ್ತು. ಅರ್ಧಕ್ಕಿಂತ ಕಡಿಮೆ ತಿಳಿಯಿತು. ಉಳಿದದ್ದು ಏನೆಂದು ತಿಳಿಯಲು ಓಲೆಯನ್ನು ಮತ್ತೆ ಹಾಕಿಕೊಳ್ಳಬೇಕಾಯಿತು. ರಜೆ ತೆಗೆದುಕೋ ಎನ್ನುತ್ತಿದ್ದರು.

ಪೇಪರಿಗೆ ಬರೆದೆ, ವಾಚಕರ ವಾಣಿಯಲ್ಲಿ ನಾಲ್ಕು ಸಾಲಿಗೆ ಇಳಿಸಿ ಹಾಕಿದರು. ನೆರೆಮನೆಯವರಿಗೆ ಹೇಳಿದೆ, ಕರೆಂಟು ಹೋದರೆ ಇರುವುದಿಲ್ಲವೇ, ಹಾಗೆ ಎಂದು ನಕ್ಕರು. ಇದರ ಜೊತೆಗೇ, ನನ್ನ ಮಗಳನ್ನಾದರೂ ಆ ಆರು ತಾಸು ಕಾಪಾಡಿಕೊಳ್ಳಬೇಕೆಂದು ನಿಶ್ಚಯ ಮಾಡಿ ಮರುದಿನದಿಂದಲೇ ರಜೆ ಹಾಕಿ ಮನೆಯಲ್ಲಿ ಕೂತೆ. ಓಲೆ ನಿಂತ ಹೊತ್ತಿನಲ್ಲಿ ಅವಳು ಏನಾದರೂ ಕೇಳಿದರೆ ನನಗೆ ಅರ್ಥವಾಗಬೇಕು. ಅದಕ್ಕೆ ಅವಳ ಮಾತನ್ನು ನಾನು ಕಲಿಯಬೇಕು. ಬೇರೆ ದಾರಿ ಹೊಳೆಯಲಿಲ್ಲ.

ಅವ್ವ ಆಗಲೇ ಶುರು ಮಾಡಿದ್ದಳು. ಅಂಗನವಾಡಿಯ ಹಳೆಯ ಹಾಜರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಮುಕ್ತಾಳ ಹದಿನೇಳು ಸದ್ದುಗಳನ್ನು ತನ್ನದೇ ಗುರುತುಗಳಲ್ಲಿ ಬರೆದುಕೊಂಡಿದ್ದಳು. "ಕೇಳಿದ್ದ ಕೇಳಬೇಕು. ಬ್ಯಾಸರ ಮಾಡ್ಕೊಬಾರದು," ಎಂದಳು. ನಾನು ಓಲೆ ಬಿಚ್ಚಿ ಡಬ್ಬಿಯಲ್ಲಿಟ್ಟೆ. ಎಂಟು ದಿನ ನಾವಿಬ್ಬರೂ ಆ ಹುಡುಗಿಯ ಹಿಂದೆ ಅಲೆದೆವು. ಬೆಕ್ಕು ಬಂದರೆ ಒಂದು ಸದ್ದು, ಅದು ಹೋದರೆ ಇನ್ನೊಂದು. 'ಒಲ್ಲೆ' ಎನ್ನುವುದಕ್ಕೆ ಮೂಗಿನಿಂದ ಉಸಿರು ಬಿಡುತ್ತಿದ್ದಳು. ಬಕೆಟ್ಟಿನ ನೀರಿನ ಬೆಳಕು ಗೋಡೆಯ ಮೇಲೆ ಕುಣಿಯುವುದಕ್ಕೆ ಅವಳಲ್ಲಿ ನಾಲ್ಕು ಬೇರೆಬೇರೆ ಗುನುಗುಗಳಿದ್ದವು. ಜಗತ್ತಿನ ಯಾವ ಭಾಷೆಯಲ್ಲೂ ಅದಕ್ಕೆ ನಾಲ್ಕು ಹೆಸರಿರುವುದು ನಾನು ಕೇಳಿರಲಿಲ್ಲ. ತುಟಿ ಮುಚ್ಚಿ ಎರಡು ಸಲ ಗುನುಗಿ ಒಂದು ಚಟಕು ಹಾಕಿದರೆ ಅದು ನಾನು, ಅವಳ ಅವ್ವ. ಅದನ್ನು ಗುರುತಿಸಿದ ದಿನ ನಾನು ಅವಳನ್ನು ಎತ್ತಿಕೊಂಡು ಅಂಗಳವೆಲ್ಲ ತಿರುಗಿದೆ. ಇರುವೆಗಳ ಮದುವೆ ಸುಳ್ಳಾದರೂ, ಇವಳು ನಿಜಕ್ಕೂ ಏನೋ ಹೇಳುತ್ತಿದ್ದಾಳೆ ಎನ್ನುವ ಸಂತೋಷ ದೊಡ್ಡದಾಗಿತ್ತು.

ಚಂದ್ರಹಾಸನೂ ಓಲೆ ತೆಗೆದ. ಆರು ವರ್ಷದ ಮೇಲೆ ಅವನ ಕುಂದಾಪುರದ ಮಾತು ಕೇಳಿದೆ. ಸವೆದಿತ್ತು, ಆದರೂ ಗುರುತು ಸಿಗುವಷ್ಟು ಇತ್ತು. "ಎಂತಕ್ಕೆ ಇಷ್ಟ್ ಹೆದರ್ತೆ? ಆರ್ ಗಂಟಿ ಅಲ್ದಾ," ಎಂದ. ಪುಸ್ತಕದಲ್ಲಿ ಐವತ್ತಮೂರು ಸದ್ದುಗಳಾದಾಗ ನನಗೂ ಧೈರ್ಯ ಬಂತು. ಮುಕ್ತಾಳ ಓಲೆಯನ್ನು ಮಾತ್ರ ನಾವು ಯಾರೂ ಮುಟ್ಟಲಿಲ್ಲ. ಹಾಲೆಗೆ ನೋವಾದೀತು, ಆ ಆರು ತಾಸು ಹೇಗೂ ಬರುತ್ತದಲ್ಲ, ಅಲ್ಲಿಯವರೆಗೆ ಸುಮ್ಮನೆ ಯಾಕೆ ಕಷ್ಟ ಕೊಡುವುದು ಎಂದುಕೊಂಡೆವು. ರಿಪೇರಿಗೆ ಓಲೆ ತೆಗೆದಾಗ ಮಕ್ಕಳು ಚೀರಿ ಅಳುತ್ತವೆ ಎಂದು ಕೇಂದ್ರಕ್ಕೆ ಹಿಂದೆ ಎಷ್ಟೋ ಸಲ ವರದಿ ಬಂದಿತ್ತು. ಅದನ್ನೂ ಹಾಲೆಯ ನೋವು ಎಂದೇ ಬರೆದಿಟ್ಟಿದ್ದೆವು.

ರವಿವಾರ ಆರು ಗಂಟೆಗೆ ನಾನು ಅವಳ ಹಾಸಿಗೆಯ ಪಕ್ಕದಲ್ಲೇ ಕೂತಿದ್ದೆ, ಪುಸ್ತಕ ತೊಡೆಯ ಮೇಲಿತ್ತು. ಓಣಿ ಶಾಂತವಾಗಿತ್ತು. ಹಾಲಿನವನು ಗಂಟೆ ಬಾರಿಸಿ ಹೋದ. ಏಳಕ್ಕೆ ಮುಂಚೆ ಮುಕ್ತಾ ಕಣ್ಣು ತೆರೆದು, ನನ್ನನ್ನು ನೋಡಿ, ದಿನದ ಹಾಗೇ ನಕ್ಕಳು.

"ಎದ್ದೇನವ್ವಾ?" ಎಂದೆ.

ಅವಳ ನಗು ಹಾಗೇ ನಿಂತಿತು. ನನ್ನ ಬಾಯಿಯನ್ನು ನೋಡಿದಳು. ನಿಧಾನವಾಗಿ ಎದ್ದು ಕೂತು, ಚಾದರ ಎದೆಗೆ ಎಳೆದುಕೊಂಡು, ಹಿಂದೆ ಸರಿದಳು.

ಆಗ ಹೊಳೆಯಿತು ನನಗೆ. ಎಂಟು ದಿನ ನಾನು ನನ್ನ ಕಿವಿಯನ್ನು ತಯಾರು ಮಾಡಿಕೊಂಡಿದ್ದೆ. ಅವಳ ಕಿವಿಯ ವಿಚಾರ ನನ್ನ ತಲೆಗೇ ಬಂದಿರಲಿಲ್ಲ. ಐದು ತಿಂಗಳ ಕೂಸಾಗಿದ್ದಾಗಿನಿಂದ ಅವಳು ನನ್ನ ದನಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಅವಳ ಅವ್ವ ಅವಳದೇ ಭಾಷೆಯಲ್ಲಿ, ಲಾಲಿಯಂಥ ದನಿಯಲ್ಲಿ ಮಾತಾಡುವವಳು. ಈ ಒಡಕು ದನಿಯವಳು ಅವ್ವನ ಮುಖ ಹಾಕಿಕೊಂಡು ಬಂದ ಬೇರೆ ಯಾರೋ.

ನಾನು ಎದೆಯ ಮೇಲೆ ಕೈಯಿಟ್ಟು, ಪುಸ್ತಕದಲ್ಲಿ ಕಲಿತ ಹಾಗೆ, ತುಟಿ ಮುಚ್ಚಿ ಎರಡು ಸಲ ಗುನುಗಿ ಚಟಕು ಹಾಕಿದೆ. ನಾನು ನಿನ್ನ ಅವ್ವ ಎಂದು ಹೇಳಿದ್ದು ಅದು. ಅವಳಿಗೆ ಅದು ಇನ್ನೂ ಭಯಂಕರವಾಗಿ ಕಂಡಿರಬೇಕು. ಎರಡೂ ಕೈಯಿಂದ ಕಿವಿ ಮುಚ್ಚಿ ಗೋಡೆಯ ಮೂಲೆಗೆ ಹೋಗಿ ಅಂಟಿಕೊಂಡಳು. ಅವ್ವ ಓಡಿ ಬಂದು "ಯಾಕ ಕೂಸ, ಯಾಕ?" ಎಂದಳು, ಆ ದನಿಗೂ ಬೆಚ್ಚಿದಳು. ಚಂದ್ರಹಾಸ "ಹೆದರ್ಬೇಡ ಮಗಾ" ಎಂದು ಕೈ ಚಾಚಿದರೆ ಅವನ ಬೆರಳು ಕಚ್ಚಿದಳು. ಆಮೇಲೆ ನಮ್ಮ ಮೂವರನ್ನೂ ದಾಟಿ, ಬಾಗಿಲಿನ ಕಡೆ ನೋಡುತ್ತ ಕರೆಯತೊಡಗಿದಳು. ಎರಡು ಗುನುಗು, ಒಂದು ಚಟಕು. ಎರಡು ಗುನುಗು, ಒಂದು ಚಟಕು. ನಾನು ಅವಳ ಎದುರಿಗೇ ಕೂತಿದ್ದೆ.

ಅಷ್ಟರಲ್ಲಿ ಪಕ್ಕದ ಮನೆಯಿಂದ ಮಗುವಿನ ಚೀರಾಟ ಶುರುವಾಯಿತು. ಆಮೇಲೆ ಎದುರು ಮನೆಯಿಂದ, ಮೇಲಿನ ಮನೆಯಿಂದ. ಎಂಟು ಗಂಟೆಯ ಹೊತ್ತಿಗೆ ಓಣಿಗೆ ಓಣಿಯೇ ಅಳುತ್ತಿತ್ತು. ಮೂಲೆ ಮನೆಯ ಗೃಹಸ್ಥ ತನ್ನ ಮಗುವನ್ನು ಎತ್ತಿಕೊಂಡು ಮನೆಮನೆಯ ಬಾಗಿಲು ಬಡಿಯುತ್ತ ಬಂದ. ನಮ್ಮ ಬಾಗಿಲಿಗೂ ಬಂದು, ಕಣ್ಣೀರು ಸುರಿಸುತ್ತ, ಏನನ್ನೋ ಬೇಡಿಕೊಂಡ. ಬ್ಯಾಂಕಿನಲ್ಲಿ ಕೆಲಸ ಮಾಡುವ, ದಿನಾ ನನಗೆ ನಮಸ್ಕಾರ ಹೇಳುವ ಮನುಷ್ಯ. ಅವನ ಒಂದು ಪದವೂ ನಮಗೆ ತಿಳಿಯಲಿಲ್ಲ. ಅವ್ವ ಅವನ ಭುಜ ಹಿಡಿದು ಕೂರಿಸಿ ನೀರು ಕೊಟ್ಟಳು. ಅವನು ಕುಡಿಯದೆ ಎದ್ದು ಮುಂದಿನ ಮನೆಗೆ ಹೋದ.

ಹತ್ತು ಗಂಟೆಗೆ ಮುಕ್ತಾ ಕರೆಯುವುದನ್ನು ನಿಲ್ಲಿಸಿದಳು. ಮೂಲೆಯಲ್ಲೇ ಮೊಣಕಾಲು ಅಪ್ಪಿಕೊಂಡು ಕೂತಳು. ನೀರಿಟ್ಟರೆ ಮುಟ್ಟಲಿಲ್ಲ. ಬೆಕ್ಕು ಬಂತು, ಅದಕ್ಕೂ ಸದ್ದು ಮಾಡಲಿಲ್ಲ. ನಾನು ಒಂದು ಮಾತೂ ಆಡದೆ, ಅವಳಿಂದ ನಾಲ್ಕು ಮೊಳ ದೂರದಲ್ಲಿ ನೆಲದ ಮೇಲೆ ಕೂತು ಗಡಿಯಾರ ನೋಡಿದೆ. ಒಂಬತ್ತು ದಿನ ಅಸಹ್ಯಪಟ್ಟಿದ್ದ ಆ ಯಂತ್ರಕ್ಕಾಗಿ ದೇವರಿಗೆ ಕಾದ ಹಾಗೆ ಕಾದೆ. ನಾಚಿಕೆಯೇನೂ ಆಗಲಿಲ್ಲ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಡಬ್ಬಿಯಿಂದ ಓಲೆ ತೆಗೆದು ತಿರುಪು ಬಿಗಿದುಕೊಂಡೆ. ಹನ್ನೆರಡಕ್ಕೆ ಸರಿಯಾಗಿ ಅದು ಸಣ್ಣಗೆ ಗುಂಯ್ ಎಂದು ಜೀವ ಹಿಡಿಯಿತು. ಓಣಿಯ ಅಳು ಒಂದೊಂದೇ ಮನೆಯಲ್ಲಿ ನಿಂತಿತು. ನಾನು ಮೆಲ್ಲಗೆ, "ಮುಕ್ತಾ, ನಾ ಇಲ್ಲೇ ಅದೀನಿ," ಎಂದೆ. ಅವಳು ಅಲುಗಲಿಲ್ಲ. ಕಣ್ಣು ಬಾಗಿಲ ಮೇಲೇ ಇತ್ತು.

"ಅವ್ವಾ, ಎಲ್ಲಿ ಹೋಗಿದ್ದಿ ಇಷ್ಟೊತ್ತು?" ಎಂದು ನನ್ನ ಕಿವಿಯಲ್ಲಿ ಕೇಳಿಸಿತು. ಅದೇ ಮುದ್ದು ದನಿ, ಅಪ್ಪಟ ಸಿಂದಗಿ. "ನನಗ ಹಸಿವ್ಯಾಗ್ಯದ. ಬಾ, ಎತ್ಕೋ. ನೀ ಅಂದ್ರ ನನಗ ಭಾಳ ಇಷ್ಟ."

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ತುಟಿ ಬಿಚ್ಚಿರಲಿಲ್ಲ, ಅವಳ ಗಂಟಲೂ ಅಲುಗಿರಲಿಲ್ಲ.